ಫ್ರಾನ್ಸಿನ ಆರ್ಚ್‌ಬಿಷಪ್‌ಗಳು ರಾಜನ ಕಡೆಯವರೋ, ಪೋಪನ ಕಡೆಯವರೋ?

ಪ್ರಶ್ನೆ: ಫ್ರಾನ್ಸಿನ ರಾಜರ ರಾಜಧಾನಿ ಪ್ಯಾರಿಸ್. ಆದರೆ ಅವರ ಪಟ್ಟಾಭಿಷೇಕ ರೀಮ್ಸ್ ಎಂಬ ಬೇರೊಂದು ಊರಿನಲ್ಲಿ, ಅಲ್ಲಿನ ಆರ್ಚ್‌ಬಿಷಪ್‌ನ ಕೈಯಿಂದ ನಡೆಯುತ್ತಿತ್ತೆಂದು ಓದಿದೆ. ಇದೇಕೆ? ಬೇಡವೆನಿಸಿದವನಿಗೆ ಕಿರೀಟ ತಪ್ಪಿಸುವ ಶಕ್ತಿ ಆ ಆರ್ಚ್‌ಬಿಷಪ್‌ಗೆ ನಿಜವಾಗಿಯೂ ಇತ್ತೇ? ಇಂಥವರು ರಾಜನ ಮಾತು ಕೇಳುತ್ತಿದ್ದರೋ, ಪೋಪನ ಮಾತು ಕೇಳುತ್ತಿದ್ದರೋ?

ಉತ್ತರ: ಕೊನೆಯ ಪ್ರಶ್ನೆಯಿಂದ ಹೊರಡುವುದು ಅನುಕೂಲ. ಅವರು ಇಬ್ಬರ ಮಾತನ್ನೂ ಕೇಳುತ್ತಿದ್ದರು, ಇಬ್ಬರಿಗೂ ಎದುರಾಡುತ್ತಿದ್ದರು. ಯಾವಾಗ ಯಾರ ಪಕ್ಷ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಭಕ್ತಿಯಲ್ಲ, ಸಿಂಹಾಸನದ ಸ್ಥಿತಿ. ಸಿಂಹಾಸನಕ್ಕೆ ಇಬ್ಬರು ಹಕ್ಕುದಾರರಿದ್ದಾಗ ಆರ್ಚ್‌ಬಿಷಪ್ ದೊರೆಯನ್ನು ಆರಿಸುವವನು. ಹಕ್ಕುದಾರ ಒಬ್ಬನೇ ಇದ್ದು, ಅವನ ಬೆನ್ನಿಗೆ ಸೈನ್ಯವೂ ಖಜಾನೆಯೂ ಇದ್ದಾಗ ಅದೇ ಆರ್ಚ್‌ಬಿಷಪ್ ಪಟ್ಟಾಭಿಷೇಕದಲ್ಲಿ ಎಣ್ಣೆ ಹಚ್ಚುವ ಪುರೋಹಿತ ಮಾತ್ರ. 9ನೇ ಶತಮಾನದಿಂದ 15ನೇ ಶತಮಾನದವರೆಗೆ ಅವರ ಅಧಿಕಾರ ಮೊದಲ ಸ್ಥಿತಿಯಿಂದ ಎರಡನೆಯದರತ್ತ ಜಾರಿತು. ಹಾಗೆಂದು ನೇರವಾಗಿ ಜಾರಿತೆಂದುಕೊಳ್ಳಬೇಡಿ.

ಮೊದಲು ಆಡಳಿತದ ಒಂದು ಸಂಗತಿ ತಿಳಿದಿರಬೇಕು. ಫ್ರಾನ್ಸಿನ ಚರ್ಚು ರೋಮನ್ ಸಾಮ್ರಾಜ್ಯದ ಹಳೆಯ ಪ್ರಾಂತ್ಯಗಳ ಗಡಿಗಳನ್ನೇ ಹೆಚ್ಚುಕಡಿಮೆ ಉಳಿಸಿಕೊಂಡಿತ್ತು. ರೋಮನ್ನರ ಕಾಲದಲ್ಲಿ ಪ್ರಾಂತ್ಯದ ಮುಖ್ಯ ಪಟ್ಟಣವಾಗಿದ್ದ ಊರಿನ ಬಿಷಪ್ ಆರ್ಚ್‌ಬಿಷಪ್ ಆದ; ಸುತ್ತಲಿನ ಊರುಗಳ ಬಿಷಪ್‌ಗಳು ಅವನ ಅಧೀನರಾದರು. ರೀಮ್ಸ್, ಸಾಂಸ್, ರುವಾನ್, ಟೂರ್, ಬೂರ್ಜ್, ಬೋರ್ಡೋ, ನಾರ್ಬೊನ್, ಲಿಯಾನ್ ಇವೆಲ್ಲ ಹಾಗೆ ಆರ್ಚ್‌ಬಿಷಪ್ ಪೀಠಗಳಾದವು. ರೋಮನ್ನರ ಲೆಕ್ಕದಲ್ಲಿ ಪ್ಯಾರಿಸ್ ದೊಡ್ಡ ಊರೇನೂ ಆಗಿರಲಿಲ್ಲ. ಹಾಗಾಗಿ ಅಲ್ಲಿದ್ದವನು ಬರೀ ಬಿಷಪ್. ಆತ ಸಾಂಸ್‌ನ ಆರ್ಚ್‌ಬಿಷಪ್‌ಗೆ ಅಧೀನ. ಪ್ಯಾರಿಸ್‌ಗೆ ಆರ್ಚ್‌ಬಿಷಪ್ ಬಂದದ್ದು 1622ರಲ್ಲಿ, ಮಧ್ಯಯುಗ ಮುಗಿದು ಬಹಳ ಕಾಲವಾದ ಮೇಲೆ. ಒಣ ವಿವರದಂತೆ ಕಾಣುವ ಈ ಸಂಗತಿ 1310ರಲ್ಲಿ ಐವತ್ತನಾಲ್ಕು ಜನರ ಪ್ರಾಣ ತೆಗೆಯಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಆರ್ಚ್‌ಬಿಷಪ್‌ಗೆ ಪೋಪನೊಂದಿಗಿನ ನಂಟಿನ ಗುರುತು ಪ್ಯಾಲಿಯಂ ಎಂಬ ಉಣ್ಣೆಯ ಪಟ್ಟಿ. ರೋಮಿನಿಂದ ಅದು ಬಂದು ಹೆಗಲೇರಿದ ಮೇಲೆಯೇ ಅವನ ಅಧಿಕಾರ ಪೂರ್ಣವಾಗುತ್ತಿತ್ತು. ರಾಜನೊಂದಿಗಿನ ನಂಟು ಭೂಮಿಯದು. ಪೀಠಕ್ಕೆ ಸೇರಿದ ಹಳ್ಳಿಗಳು, ಕೋಟೆಗಳು, ಸುಂಕಗಳು ಅವನನ್ನು ದೊಡ್ಡ ಜಮೀನುದಾರನನ್ನಾಗಿ ಮಾಡಿದ್ದವು. ಯುದ್ಧದ ಕಾಲಕ್ಕೆ ರಾಜನಿಗೆ ಆಳುಗಳನ್ನು ಕಳಿಸುವ ಹೊಣೆಯೂ ಅದರ ಜೊತೆಗಿತ್ತು. ಆರ್ಚ್‌ಬಿಷಪ್ ಸತ್ತು ಪೀಠ ಖಾಲಿಯಾದರೆ, ಹೊಸಬ ಬರುವವರೆಗೆ ಅದರ ಆದಾಯ ಅನೇಕ ಕಡೆ ರಾಜನ ಬೊಕ್ಕಸಕ್ಕೆ ಹೋಗುತ್ತಿತ್ತು. ಆಯ್ಕೆ ಮಾಡಬೇಕಾದವರು ಪ್ರಧಾನಾಲಯದ ಗುರುಗಳು, ಮನ್ನಣೆ ಕೊಡಬೇಕಾದವನು ಪೋಪ್, ಹಣದ ಚೀಲ ಹಿಡಿದವನು ರಾಜ. ಜಗಳಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

ಇನ್ನು ರೀಮ್ಸ್‌ಗೆ ಬರೋಣ. ಸುಮಾರು ಕ್ರಿ.ಶ. 500ರ ಹೊತ್ತಿಗೆ ಫ್ರಾಂಕರ ದೊರೆ ಕ್ಲೋವಿಸ್ ಅಲ್ಲಿನ ಬಿಷಪ್ ರೆಮಿಜಿಯಸ್‌ನಿಂದ ದೀಕ್ಷಾಸ್ನಾನ ಪಡೆದ. ಇದು ಇತಿಹಾಸ. ಆ ದಿನ ಜನಜಂಗುಳಿಯಲ್ಲಿ ತೈಲ ತರುವವನಿಗೆ ದಾರಿ ಸಿಗದೆ ಹೋದಾಗ ಬಿಳಿ ಪಾರಿವಾಳವೊಂದು ಸ್ವರ್ಗದಿಂದ ತೈಲದ ಕುಪ್ಪಿಯನ್ನು ಕಚ್ಚಿಕೊಂಡು ಬಂದಿತೆಂಬುದು ಪುರಾಣ. 6ನೇ ಶತಮಾನದಲ್ಲಿ ಕ್ಲೋವಿಸ್‌ನ ದೀಕ್ಷಾಸ್ನಾನವನ್ನು ಸಡಗರದಿಂದ ವರ್ಣಿಸಿದ ಟೂರ್‌ನ ಗ್ರೆಗರಿಯ ಬರಹದಲ್ಲಿ ಆ ಪಾರಿವಾಳವಿಲ್ಲ. ಅದಕ್ಕೆ ರಾಜಕೀಯ ರೆಕ್ಕೆ ಕಟ್ಟಿದವನು 845ರಿಂದ 882ರವರೆಗೆ ರೀಮ್ಸ್‌ನ ಆರ್ಚ್‌ಬಿಷಪ್ ಆಗಿದ್ದ ಹಿಂಕ್ಮಾರ್.

ಮಧ್ಯಯುಗದ ಫ್ರೆಂಚ್ ಚರ್ಚಿನಲ್ಲಿ ಇವನಷ್ಟು ಗಟ್ಟಿ ತಲೆಯವನು ಇನ್ನೊಬ್ಬನಿರಲಿಲ್ಲ ಎಂದು ನನ್ನ ಅಭಿಪ್ರಾಯ. ಹಿಂದಿನ ಆರ್ಚ್‌ಬಿಷಪ್ ಎಬ್ಬೊ ಜೀತದವರ ಮನೆಯಲ್ಲಿ ಹುಟ್ಟಿ, ಚಕ್ರವರ್ತಿ ಲೂಯಿಯ ಕೃಪೆಯಿಂದಲೇ ಪೀಠ ಏರಿದವನು. 833ರಲ್ಲಿ ಮಕ್ಕಳೇ ದಂಗೆಯೆದ್ದು ಆ ಚಕ್ರವರ್ತಿಯನ್ನು ಹಿಡಿದಾಗ, ಸಾರ್ವಜನಿಕವಾಗಿ ಪಾಪನಿವೇದನೆ ಮಾಡಿಸುವ ಕೆಲಸಕ್ಕೆ ಎಬ್ಬೊನೇ ಮುಂದೆ ನಿಂತ. ಲೂಯಿ ಮರಳಿ ಗದ್ದುಗೆಗೆ ಬಂದ ಮೇಲೆ 835ರಲ್ಲಿ ಎಬ್ಬೊನ ಪದವಿ ಹೋಯಿತು. ಇಷ್ಟೆಲ್ಲ ಕಂಡಿದ್ದ ಹಿಂಕ್ಮಾರ್ ಬೇರೆ ದಾರಿ ಹಿಡಿದ. ತಾನು ಒಬ್ಬನೇ ಮುಂದೆ ಹೋಗಿ ರಾಜನನ್ನು ಇಳಿಸಲು ನಿಲ್ಲಲಿಲ್ಲ. ಬಿಷಪ್‌ಗಳಿಲ್ಲದೆ ರಾಜನೇ ಇಲ್ಲ ಎಂಬ ಕಟ್ಟಳೆಯನ್ನು ಕಟ್ಟಿದ.

858ರಲ್ಲಿ ಪೂರ್ವದ ದೊರೆ ಜರ್ಮನ್ ಲೂಯಿ ತನ್ನ ತಮ್ಮ ಬೋಳ ಚಾರ್ಲ್ಸ್‌ನ ರಾಜ್ಯಕ್ಕೆ ನುಗ್ಗಿದ. ಅನೇಕ ಶ್ರೀಮಂತರು ಪಕ್ಷ ಬದಲಿಸಿದರು. ಬಿಷಪ್‌ಗಳೂ ಬಂದು ನಿಷ್ಠೆಯ ಆಣೆ ಮಾಡಬೇಕೆಂದು ಲೂಯಿ ಕರೆ ಕಳಿಸಿದಾಗ ಹಿಂಕ್ಮಾರ್ ಅವರೆಲ್ಲರ ಪರವಾಗಿ ಉದ್ದದ ಪತ್ರ ಬರೆದ. ಚರ್ಚಿನ ಆಸ್ತಿ ರಾಜ ತನಗೆ ಬೇಕಾದವರಿಗೆ ಹಂಚುವ ಜಹಗೀರಲ್ಲ, ಪವಿತ್ರ ತೈಲ ಸೋಂಕಿದ ಕೈ ಸಾಮಂತರಂತೆ ಆಣೆ ಮಾಡುವುದು ಸಲ್ಲದು ಎಂಬುದು ಅದರ ತಿರುಳು. ಕತ್ತಿ ಎತ್ತಲಿಲ್ಲ, ಓಡಿಯೂ ಹೋಗಲಿಲ್ಲ, ಆದರೆ ಲೂಯಿಗೆ ಬೇಕಿದ್ದ ಮನ್ನಣೆಯನ್ನು ಕೊಡಲಿಲ್ಲ. ಮರುವರ್ಷದ ಆರಂಭದಲ್ಲೇ ಲೂಯಿ ಹಿಂದೆ ಸರಿಯಬೇಕಾಯಿತು.

869ರಲ್ಲಿ ಲೊಥಾರಿಂಜಿಯಾದ ದೊರೆ ತೀರಿಕೊಂಡಾಗ ಚಾರ್ಲ್ಸ್ ಆ ರಾಜ್ಯದ ಮೇಲೆ ಕೈಹಾಕಿದ. ಸೆಪ್ಟೆಂಬರ್ 9ರಂದು ಮೆಟ್ಸ್ ನಗರದಲ್ಲಿ ಅವನಿಗೆ ಕಿರೀಟವಿಟ್ಟವನು ಹಿಂಕ್ಮಾರ್. ಮೆಟ್ಸ್ ಅವನ ಪ್ರಾಂತ್ಯಕ್ಕೆ ಸೇರಿದ್ದೇ ಅಲ್ಲ. ಅಲ್ಲಿ ನಿಂತು ಆತ, ಕ್ಲೋವಿಸ್‌ಗೆ ಸ್ವರ್ಗದಿಂದ ಬಂದ ತೈಲ ಇನ್ನೂ ನಮ್ಮ ಬಳಿ ಇದೆ ಎಂದು ಸಾರಿದ. ಒಂದೇ ಮಾತಿನಲ್ಲಿ ಎರಡು ಲಾಭ: ನೆರೆರಾಜ್ಯ ಕಬಳಿಸಿದ ಚಾರ್ಲ್ಸ್ ಕ್ಲೋವಿಸ್‌ನ ವಾರಸುದಾರನಾದ, ಪಟ್ಟ ಕಟ್ಟುವ ಹಕ್ಕಿಗೆ ರೀಮ್ಸ್ ವಾರಸುದಾರನಾಯಿತು. ಚಾರ್ಲ್ಸ್‌ನ ಗೆಲುವು ಒಂದೇ ವರ್ಷದಲ್ಲಿ ಅರ್ಧವಾಯಿತು. 870ರ ಒಪ್ಪಂದದಲ್ಲಿ ಆ ರಾಜ್ಯವನ್ನು ಅಣ್ಣನೊಂದಿಗೆ ಹಂಚಿಕೊಳ್ಳಬೇಕಾಯಿತು. ತೈಲದ ಕಥೆ ಮಾತ್ರ ಫ್ರೆಂಚ್ ಕ್ರಾಂತಿಯವರೆಗೆ ಬಾಳಿತು. ಆ ಕುಪ್ಪಿಯನ್ನು 1793ರಲ್ಲಿ ಬಹಿರಂಗವಾಗಿ ಒಡೆದುಹಾಕಿದರು.

ಪೋಪನೊಂದಿಗೂ ಹಿಂಕ್ಮಾರ್ ಜಗಳವಾಡಿದ. ತನ್ನ ಅಧೀನದ ಸುವಾಸೋಂ ಬಿಷಪ್ ರೊಥಾಡ್‌ನನ್ನು ಆತ ಪದವಿಯಿಂದ ಇಳಿಸಿದಾಗ, ರೊಥಾಡ್ ರೋಮಿಗೆ ಮೊರೆಹೋದ. ಪೋಪ್ ಮೊದಲನೇ ನಿಕೊಲಸ್ 865ರಲ್ಲಿ ಅವನನ್ನು ಮತ್ತೆ ಪೀಠದಲ್ಲಿ ಕೂರಿಸಿದ. ಹಿಂಕ್ಮಾರ್ ತಲೆಬಾಗಿದ. ಬಿಷಪ್‌ಗಳ ಮೇಲೆ ತನ್ನ ಮಾತೇ ಕೊನೆಯದಾಗಬೇಕೆಂಬ ಅವನ ಹಂಬಲಕ್ಕೆ ಅಡ್ಡ ಬಂದವನು ರಾಜನಲ್ಲ, ಪೋಪ್ ಎಂಬುದನ್ನು ಗಮನಿಸಿ. ಕೊನೆಗೆ ವೈಕಿಂಗರು ಬರುತ್ತಿದ್ದಾರೆಂದು ಕೋಟೆಯಿಲ್ಲದ ರೀಮ್ಸ್‌ನಿಂದ ಓಡಿಹೋಗಿ, ಎಪೆರ್ನೆ ಎಂಬಲ್ಲಿ 882ರಲ್ಲಿ ಸತ್ತ.

ಅವನ ನಂತರದ ನೂರು ವರ್ಷ ರೀಮ್ಸ್ ಪೀಠ ಎಲ್ಲರಿಗೂ ಬೇಕಾದ ಆಸ್ತಿಯಾಯಿತು. ಆರ್ಚ್‌ಬಿಷಪ್ ಫುಲ್ಕ್, ಆಳುತ್ತಿದ್ದ ರಾಜನಿಗೆ ಎದುರಾಳಿಯಾಗಿ ಮತ್ತೊಬ್ಬನಿಗೆ 893ರಲ್ಲಿ ಕಿರೀಟವಿಟ್ಟ. 900ರಲ್ಲಿ ಫ್ಲಾಂಡರ್ಸ್ ಕೌಂಟನ ಕಡೆಯವರು ಅವನನ್ನು ಕೊಂದರು. 925ರಲ್ಲಿ ವೆರ್ಮಾಂದ್ವಾದ ಕೌಂಟ್ ಹೆರ್ಬರ್ಟ್ ತನ್ನ ಮಗ ಹ್ಯೂಗ್‌ನನ್ನು ಆ ಪೀಠಕ್ಕೆ ಆಯ್ಕೆ ಮಾಡಿಸಿದ. ಹುಡುಗನಿಗೆ ಐದು ವರ್ಷವೂ ತುಂಬಿರಲಿಲ್ಲ. ಇಂಥದ್ದನ್ನು ಓದಿ ನಗುವ ಮುನ್ನ, ರೀಮ್ಸ್ ಎಂದರೆ ಹಳ್ಳಿಗಳು, ಕೋಟೆಗಳು, ಕುದುರೆ ಸವಾರರು ಎಂಬುದನ್ನು ನೆನಪಿಡಿ. ಕೌಂಟನಿಗೆ ಮಗನ ಧರ್ಮಜ್ಞಾನ ಬೇಕಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುವುದು 987ರಲ್ಲಿ. ಆಗ ರೀಮ್ಸ್‌ನಲ್ಲಿದ್ದವನು ಆಡಲ್ಬೆರೋ, ಅವನ ಕಾರ್ಯದರ್ಶಿ ಜೆರ್ಬೆರ್, ಆ ಕಾಲದ ಅತಿ ದೊಡ್ಡ ವಿದ್ವಾಂಸ. ಆಡಲ್ಬೆರೋನ ಬಂಧುಬಳಗವೆಲ್ಲ ಜರ್ಮನ್ ಚಕ್ರವರ್ತಿಯ ಕಡೆಯವರು. ಹೀಗಾಗಿ ಕರೋಲಿಂಜಿಯನ್ ವಂಶದ ದೊರೆ ಐದನೇ ಲೂಯಿ ಅವನ ಮೇಲೆ ರಾಜದ್ರೋಹದ ಆರೋಪ ಹೊರಿಸಿ ವಿಚಾರಣೆಗೆ ಕರೆಸಿದ್ದ. ವಿಚಾರಣೆ ನಡೆಯುವ ಮುನ್ನವೇ, ಮೇ ತಿಂಗಳಲ್ಲಿ, ಬೇಟೆಗೆ ಹೋಗಿದ್ದ ಲೂಯಿ ಬಿದ್ದು ಸತ್ತ. ಮಕ್ಕಳಿರಲಿಲ್ಲ. ನೆರೆದಿದ್ದ ಶ್ರೀಮಂತರ ಸಭೆಯಲ್ಲಿ ಡ್ಯೂಕ್ ಹ್ಯೂಗ್ ಕಾಪೆ ಎದ್ದು, ಆರೋಪ ಹೊರಿಸುವವರಿದ್ದರೆ ಮುಂದೆ ಬನ್ನಿ ಎಂದ. ಯಾರೂ ಬರಲಿಲ್ಲ. ಆರೋಪಿಯಾಗಿ ಬಂದ ಆರ್ಚ್‌ಬಿಷಪ್ ಹಾಗೆಯೇ ಸಭೆಯ ಹಿರಿಯನಾಗಿ ಕುಳಿತ.

ರಕ್ತಸಂಬಂಧದ ಲೆಕ್ಕದಲ್ಲಿ ಕಿರೀಟ ಸತ್ತ ದೊರೆಯ ಚಿಕ್ಕಪ್ಪ, ಲೊರೇನ್‌ನ ಚಾರ್ಲ್ಸ್‌ಗೆ ಹೋಗಬೇಕಿತ್ತು. ಸಾಂಲಿಸ್‌ನ ಸಭೆಯಲ್ಲಿ ಆಡಲ್ಬೆರೋ ಅದನ್ನು ತಪ್ಪಿಸಿದ. ರಾಜ್ಯ ವಂಶದ ಹಕ್ಕಿನಿಂದ ಬರುವುದಲ್ಲ, ಕುಲದ ಜೊತೆಗೆ ಬುದ್ಧಿ ಮತ್ತು ಧರ್ಮ ಇರುವವನನ್ನೇ ಆರಿಸಬೇಕು; ಚಾರ್ಲ್ಸ್ ಹೊರಗಿನ ದೊರೆಯ ಸೇವೆ ಮಾಡಿದವನು, ಅಂತಸ್ತಿಗೆ ತಕ್ಕುದಲ್ಲದ ಮದುವೆಯಾದವನು ಎಂದು ವಾದಿಸಿದನೆಂಬುದು ರೀಮ್ಸ್‌ನ ಸನ್ಯಾಸಿ ರಿಶೆ ಬರೆದಿಟ್ಟ ವರದಿ. ಜರ್ಮನ್ ಚಕ್ರವರ್ತಿಯ ನಂಟನೇ ಇನ್ನೊಬ್ಬನನ್ನು ಹೊರಗಿನವರ ಸೇವಕನೆಂದು ಹಳಿದದ್ದು ಅಲ್ಲಿದ್ದವರ ಕಿವಿಗೆ ಹೇಗೆ ಕೇಳಿಸಿತೋ! ಹ್ಯೂಗ್ ಕಾಪೆ ರಾಜನಾದ. ಅವನ ನೇರ ಸಂತತಿ 1328ರವರೆಗೆ ಆಳಿತು. ಒಬ್ಬ ಆರ್ಚ್‌ಬಿಷಪ್ ಒಂದು ರಾಜವಂಶವನ್ನೇ ಬದಲಿಸಿದನೆಂದು ಹೇಳಬಹುದಾದರೆ ಅದು ಇಲ್ಲಿ. ಆದರೂ ಬಲ ಹ್ಯೂಗ್‌ನದೇ ಆಗಿತ್ತು, ಆಡಲ್ಬೆರೋ ಕೊಟ್ಟದ್ದು ಆ ಬಲಕ್ಕೆ ಬೇಕಿದ್ದ ನ್ಯಾಯದ ಮಾತು ಮತ್ತು ತೈಲ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. 989ರಲ್ಲಿ ಆಡಲ್ಬೆರೋ ಸತ್ತ. ಜೆರ್ಬೆರ್‌ಗೆ ಪೀಠ ಸಿಗುವ ನಿರೀಕ್ಷೆಯಿತ್ತು. ಆದರೆ ಹ್ಯೂಗ್ ರಾಜಿಯ ಲೆಕ್ಕ ಹಾಕಿ, ಹಳೆಯ ರಾಜವಂಶದ ಅನೈತಿಕ ಸಂತಾನವಾದ ಆರ್ನುಲ್ಫ್‌ಗೆ ರೀಮ್ಸ್ ಕೊಟ್ಟ, ಬರಹದಲ್ಲಿ ನಿಷ್ಠೆಯ ಆಣೆಯನ್ನೂ ಪಡೆದ. ಆರ್ನುಲ್ಫ್ ಕೆಲವೇ ತಿಂಗಳಲ್ಲಿ ರಾತ್ರಿ ನಗರದ ಬಾಗಿಲು ತೆಗೆಸಿ ತನ್ನ ಚಿಕ್ಕಪ್ಪ ಚಾರ್ಲ್ಸ್‌ನ ಪಡೆಯನ್ನು ಒಳಗೆ ಬಿಟ್ಟ. 991ರಲ್ಲಿ ಲಾನ್‌ನ ಬಿಷಪ್ ಇನ್ನೊಂದು ದ್ರೋಹ ಮಾಡಿ, ಚಾರ್ಲ್ಸ್ ಮತ್ತು ಆರ್ನುಲ್ಫ್ ಇಬ್ಬರನ್ನೂ ಹಿಡಿದು ಹ್ಯೂಗ್‌ಗೆ ಒಪ್ಪಿಸಿದ. ಅದೇ ಜೂನ್‌ನಲ್ಲಿ ವೆರ್ಜಿಯ ಮಠದಲ್ಲಿ ಸೇರಿದ ಬಿಷಪ್‌ಗಳು ಆರ್ನುಲ್ಫ್‌ನನ್ನು ಪದಚ್ಯುತಗೊಳಿಸಿ ಜೆರ್ಬೆರ್‌ನನ್ನು ಕೂರಿಸಿದರು. ಪೋಪನ ಒಪ್ಪಿಗೆಗೆ ಕಾಯಲಿಲ್ಲ. ಬದಲಿಗೆ ರೋಮಿನ ಭ್ರಷ್ಟತೆಯ ಬಗ್ಗೆ ಓರ್ಲಿಯಾನ್ ಬಿಷಪ್ ಕಟುವಾದ ಭಾಷಣ ಮಾಡಿದ. ರೋಮ್ ಆ ತೀರ್ಪನ್ನು ಒಪ್ಪಲೇ ಇಲ್ಲ. ಹ್ಯೂಗ್ ಸತ್ತ ಮೇಲೆ ಅವನ ಮಗ ರಾಬರ್ಟ್‌ಗೆ ತನ್ನ ಎರಡನೇ ಮದುವೆಗೆ ಪೋಪನ ಕೃಪೆ ಬೇಕಾಗಿತ್ತು; ಜೆರ್ಬೆರ್ ನೆಲೆ ಕಳೆದುಕೊಂಡು ಜರ್ಮನ್ ಚಕ್ರವರ್ತಿಯ ಆಸ್ಥಾನ ಸೇರಿದ. ಚಕ್ರವರ್ತಿ ಅವನನ್ನು ಮೊದಲು ರವೆನ್ನಾದ ಆರ್ಚ್‌ಬಿಷಪ್ ಮಾಡಿದ, 999ರಲ್ಲಿ ಪೋಪ್ ಮಾಡಿದ. ಎರಡನೇ ಸಿಲ್ವೆಸ್ಟರ್ ಎಂಬ ಹೆಸರಿನಿಂದ ಪೋಪ್ ಪೀಠವೇರಿದ ಜೆರ್ಬೆರ್, ತನ್ನ ಹಳೆಯ ಪ್ರತಿಸ್ಪರ್ಧಿ ಆರ್ನುಲ್ಫ್‌ನನ್ನು ರೀಮ್ಸ್‌ನ ಆರ್ಚ್‌ಬಿಷಪ್ ಎಂದು ಮನ್ನಿಸಿದ. ರೀಮ್ಸ್‌ನಲ್ಲಿ ಕುಳಿತಿದ್ದಾಗ ಬಿಷಪ್‌ಗಳ ಸಭೆಯೇ ಸಾಕೆಂದಿದ್ದವನಿಗೆ ರೋಮಿನಿಂದ ನೋಡಿದಾಗ ಬೇರೆ ಧರ್ಮ ಕಂಡಿತು. ನಿಮ್ಮ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

11ನೇ ಶತಮಾನದಲ್ಲಿ ಪೋಪರು ಪದವಿ ಮಾರಾಟದ ಮೇಲೆ ಯುದ್ಧ ಸಾರಿದರು. ಒಂಬತ್ತನೇ ಲಿಯೋ 1049ರಲ್ಲಿ ಸ್ವತಃ ರೀಮ್ಸ್‌ಗೆ ಬಂದು ಸಭೆ ನಡೆಸಿ, ಹಣ ಕೊಟ್ಟು ಪದವಿ ಪಡೆದವರು ಎದ್ದು ಹೇಳಬೇಕೆಂದ. ಆರ್ಚ್‌ಬಿಷಪ್ ಮನಾಸೆಸ್‌ನನ್ನು ಏಳನೇ ಗ್ರೆಗರಿ 1080ರಲ್ಲಿ ಕಿತ್ತುಹಾಕಿದ. ಬಲಿಪೂಜೆ ಹಾಡುವ ಕಾಟವೊಂದಿಲ್ಲದಿದ್ದರೆ ರೀಮ್ಸ್ ಒಳ್ಳೆಯ ಪದವಿ ಎಂದು ಮನಾಸೆಸ್ ಹೇಳುತ್ತಿದ್ದನೆಂದು ನೊಜಾಂನ ಗಿಬರ್ಟ್ ಬರೆದಿದ್ದಾನೆ. ವೈರಿಗಳು ಹಬ್ಬಿಸಿದ ಮಾತಿರಬಹುದು. ಆದರೂ ಆ ಪೀಠವನ್ನು ಅನೇಕರು ಹೇಗೆ ಕಾಣುತ್ತಿದ್ದರೆಂಬುದನ್ನು ಅದು ಸರಿಯಾಗಿಯೇ ಹಿಡಿದಿದೆ. ಮನಾಸೆಸ್‌ನನ್ನು ಎದುರಿಸಿದ ಬ್ರೂನೋ ಎಂಬ ಗುರು ಈ ರಗಳೆಯಿಂದಲೇ ದೂರ ಹೋಗಿ, 1084ರಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿ ಕಾರ್ತೂಸಿಯನ್ ಸನ್ಯಾಸಿಗಳ ಮೊದಲ ನೆಲೆ ಕಟ್ಟಿದ.

ರೀಮ್ಸ್‌ನ ಹಕ್ಕು ಅಲುಗಿದ್ದು 1108ರಲ್ಲಿ. ಆಗ ರೀಮ್ಸ್‌ನಲ್ಲಿ ಇಬ್ಬರು ಪೀಠಕ್ಕಾಗಿ ಕಚ್ಚಾಡುತ್ತಿದ್ದರು. ತಂದೆ ಸತ್ತ ಕೆಲವೇ ದಿನಗಳಲ್ಲಿ, ಆಗಸ್ಟ್ 3ರಂದು, ಆರನೇ ಲೂಯಿ ಓರ್ಲಿಯಾನ್‌ನಲ್ಲಿ ಸಾಂಸ್‌ನ ಆರ್ಚ್‌ಬಿಷಪ್‌ನಿಂದ ಕಿರೀಟ ಇಡಿಸಿಕೊಂಡ. ಆಕ್ಷೇಪದ ಪತ್ರ ಹಿಡಿದು ರೀಮ್ಸ್‌ನ ದೂತರು ಬರುವ ಹೊತ್ತಿಗೆ ವಿಧಿ ಮುಗಿದಿತ್ತು. ಕಾನೂನು ಬಲ್ಲ ಶಾರ್ತ್ರ್‌ನ ಬಿಷಪ್ ಈವೋ, ಪಟ್ಟ ಕಟ್ಟುವುದು ರೀಮ್ಸ್‌ನ ಸ್ವತ್ತೇನಲ್ಲ ಎಂದು ವಾದ ಮಂಡಿಸಿದ. ರೀಮ್ಸ್ ಆಮೇಲೆ ತನ್ನ ಹಕ್ಕನ್ನು ಮರಳಿ ಪಡೆಯಿತು, ಆದರೆ ರೀಮ್ಸ್‌ನ ತೈಲವಿಲ್ಲದೆಯೂ ರಾಜನಾಗಬಹುದೆಂಬುದು ಎಲ್ಲರಿಗೂ ಗೊತ್ತಾಗಿಹೋಗಿತ್ತು.

ಹಾಗಾದರೆ ಪೋಪನ ಬೆಂಬಲವಿದ್ದ ಆರ್ಚ್‌ಬಿಷಪ್‌ನನ್ನು ರಾಜ ತಡೆಯಬಹುದಿತ್ತೇ? ಏಳನೇ ಲೂಯಿ 1141ರಲ್ಲಿ ಬೂರ್ಜ್‌ನಲ್ಲಿ ಪ್ರಯತ್ನಿಸಿ ನೋಡಿದ. ಪಿಯೆರ್ ದ ಲಾ ಶಾತ್ರ್ ಒಬ್ಬನನ್ನು ಬಿಟ್ಟು ಯಾರನ್ನಾದರೂ ಆರಿಸಿಕೊಳ್ಳಿ ಎಂದ. ಅಲ್ಲಿನ ಗುರುಗಳು ಪಿಯೆರ್‌ನನ್ನೇ ಆರಿಸಿದರು. ರಾಜ ನಗರದ ಬಾಗಿಲು ಹಾಕಿಸಿದ. ಪೋಪ್ ಎರಡನೇ ಇನೊಸೆಂಟ್, ರಾಜ ಇನ್ನೂ ಪಾಠ ಕಲಿಯಬೇಕಾದ ಹುಡುಗ ಎಂದು ಹೇಳಿ, ರಾಜ ತಂಗಿದ ಕಡೆಯಲ್ಲೆಲ್ಲ ಪೂಜೆ ನಡೆಯದಂತೆ ಆಜ್ಞೆ ಹೊರಡಿಸಿದ. ಪಿಯೆರ್‌ಗೆ ಆಶ್ರಯ ಕೊಟ್ಟ ಶಾಂಪೇನ್‌ನ ಕೌಂಟನ ಮೇಲೆ ಬೇರೆ ಸಿಟ್ಟುಗಳೂ ಸೇರಿ ಯುದ್ಧವಾಯಿತು. ವಿತ್ರಿ ಎಂಬ ಊರಿನಲ್ಲಿ ಚರ್ಚಿನೊಳಗೆ ಅಡಗಿದ್ದ ನೂರಾರು ಜನ ಬೆಂಕಿಗೆ ಬಲಿಯಾದರು. ಕೊನೆಗೆ ಪಿಯೆರ್‌ನನ್ನು ರಾಜ ಒಪ್ಪಿಕೊಳ್ಳಬೇಕಾಯಿತು. 1145ರ ಕ್ರಿಸ್ಮಸ್‌ನಲ್ಲಿ ಅದೇ ಬೂರ್ಜ್‌ನಲ್ಲಿ ಲೂಯಿ ತಾನು ಧರ್ಮಯುದ್ಧಕ್ಕೆ ಹೊರಡುವೆನೆಂದು ತಿಳಿಸಿದ.

ಮುಂದಿನ ರಾಜರು ಬುದ್ಧಿವಂತಿಕೆಯ ದಾರಿ ಹಿಡಿದರು: ಪೀಠಕ್ಕೆ ತಮ್ಮ ಮನೆಯವರನ್ನೇ ತಂದರು. ಏಳನೇ ಲೂಯಿಯ ತಮ್ಮ ಹೆನ್ರಿ ರೀಮ್ಸ್‌ನ ಆರ್ಚ್‌ಬಿಷಪ್ ಆದ. ಅವನ ನಂತರ ಲೂಯಿಯ ರಾಣಿಯ ಸಹೋದರ ವಿಲಿಯಂ. ಈ ವಿಲಿಯಂ 1179ರಲ್ಲಿ ಸಹೋದರಿಯ ಮಗ ಫಿಲಿಪ್ ಆಗಸ್ಟಸ್‌ಗೆ ಕಿರೀಟವಿಟ್ಟ, ಫಿಲಿಪ್ ಧರ್ಮಯುದ್ಧಕ್ಕೆ ಹೋದಾಗ ಸಹೋದರಿಯೊಂದಿಗೆ ರಾಜ್ಯ ನೋಡಿಕೊಂಡ, 1193ರಲ್ಲಿ ಮದುವೆಯಾದ ಮರುದಿನವೇ ರಾಜನಿಗೆ ಬೇಡವಾದ ಡೆನ್ಮಾರ್ಕಿನ ಇಂಗೆಬೋರ್ಗ್‌ಳ ಮದುವೆಯನ್ನು ಮೂರು ತಿಂಗಳೊಳಗೆ ರದ್ದುಪಡಿಸಿಯೂ ಕೊಟ್ಟ. ರೋಮ್ ಇದನ್ನು ಒಪ್ಪದೆ 1200ರಲ್ಲಿ ರಾಜ್ಯದ ಮೇಲೆ ಪೂಜಾನಿಷೇಧ ಹೇರಿತು. ರಾಜನ ಮಗನಿಗೆ ತಂದೆ ಬದುಕಿರುವಾಗಲೇ ಪಟ್ಟ ಕಟ್ಟುವ ಪದ್ಧತಿ ಹ್ಯೂಗ್ ಕಾಪೆಯ ಕಾಲದಿಂದ ಇತ್ತು. ವಂಶದ ಹಕ್ಕು ಗಟ್ಟಿಯಿಲ್ಲದ್ದರಿಂದ ಬೇಕಾಗಿದ್ದ ಮುಂಜಾಗ್ರತೆ ಅದು. ಫಿಲಿಪ್ ಆಗಸ್ಟಸ್ ತನ್ನ ಮಗನಿಗೆ ಹಾಗೆ ಮಾಡಲಿಲ್ಲ. 1223ರಲ್ಲಿ ಆತ ಸತ್ತಾಗ ಮಗ ರಾಜನಾಗುವುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ರೀಮ್ಸ್‌ನ ವಿಧಿ ಅಂದಿನಿಂದ ಇನ್ನಷ್ಟು ವೈಭವದ್ದಾಯಿತು, ಅದರೊಳಗಿನ ಆಯ್ಕೆ ಸತ್ತುಹೋಯಿತು.

ಎಲ್ಲರೂ ರಾಜಕಾರಣಿಗಳಾಗಿದ್ದರೆಂದು ತಿಳಿಯಬೇಡಿ. 1248ರಲ್ಲಿ ರುವಾನ್‌ನ ಆರ್ಚ್‌ಬಿಷಪ್ ಆದ ಫ್ರಾನ್ಸಿಸ್ಕನ್ ಸನ್ಯಾಸಿ ಯೂಡ್ ರಿಗೊ ಸುಮಾರು ಎರಡು ದಶಕ ಊರೂರು ಸುತ್ತಿ, ಯಾವ ಗುರು ಹೆಂಡದಂಗಡಿಯಲ್ಲಿ ಕೂರುತ್ತಾನೆ, ಯಾವ ಮಠಕ್ಕೆ ಎಷ್ಟು ಸಾಲವಿದೆ ಎಂದು ಪುಸ್ತಕದಲ್ಲಿ ಬರೆಸಿಟ್ಟ. ಒಂಬತ್ತನೇ ಲೂಯಿಯ ಆಪ್ತನೂ ಅವನೇ.

ಈಗ 1310. ನಾಲ್ಕನೇ ಫಿಲಿಪ್ 1307ರಲ್ಲಿ ಟೆಂಪ್ಲರ್ ಯೋಧ ಸನ್ಯಾಸಿಗಳನ್ನು ಸೆರೆಹಿಡಿಸಿದ್ದ. ಆಗ ಪೋಪ್ ಆಗಿದ್ದವನು ಹಿಂದೆ ಬೋರ್ಡೋದ ಆರ್ಚ್‌ಬಿಷಪ್ ಆಗಿದ್ದ ಐದನೇ ಕ್ಲೆಮೆಂಟ್. ಇಡೀ ಸಂಘದ ವಿಚಾರಣೆಗೆ ಆತ ಒಂದು ಆಯೋಗ ನೇಮಿಸಿದ, ಬಿಡಿ ಸದಸ್ಯರ ವಿಚಾರಣೆಯನ್ನು ಆಯಾ ಪ್ರಾಂತ್ಯದ ಬಿಷಪ್‌ಗಳಿಗೆ ಬಿಟ್ಟ. ಆಯೋಗದ ಮುಂದೆ ನೂರಾರು ಟೆಂಪ್ಲರರು ಧೈರ್ಯದಿಂದ ಸಂಘದ ಪರ ನಿಂತರು. ರಾಜನಿಗೆ ಇದನ್ನು ನಿಲ್ಲಿಸಬೇಕಿತ್ತು. ಪ್ಯಾರಿಸ್ ಸಾಂಸ್‌ಗೆ ಅಧೀನವಾಗಿತ್ತಷ್ಟೆ. ಸಾಂಸ್‌ನಲ್ಲಿ ಆಗತಾನೇ ಆರ್ಚ್‌ಬಿಷಪ್ ಆಗಿ ಬಂದಿದ್ದವನು ಫಿಲಿಪ್ ದ ಮರಿನಿ, ರಾಜನ ಬಲಗೈ ಎನಿಸಿದ್ದ ಮಂತ್ರಿಯ ತಮ್ಮ. ಆತ ಪ್ಯಾರಿಸ್‌ನಲ್ಲಿ ಪ್ರಾಂತ್ಯದ ಸಭೆ ಕರೆದ. ಚಿತ್ರಹಿಂಸೆಯಲ್ಲಿ ಕೊಟ್ಟ ತಪ್ಪೊಪ್ಪಿಗೆಯಿಂದ ಹಿಂದೆ ಸರಿದವರು ಮತ್ತೆ ಪಾಪಕ್ಕೆ ಬಿದ್ದವರೆಂದು ತೀರ್ಮಾನಿಸಿ, ಮೇ 12ರಂದು ಐವತ್ತನಾಲ್ಕು ಜನರನ್ನು ನಗರದ ಹೊರಗೆ ಸುಡಿಸಿದ. ಎರಡು ದಿನ ಮುಂಚೆ ಟೆಂಪ್ಲರರ ಪ್ರತಿನಿಧಿಗಳು ಪೋಪನ ಆಯೋಗಕ್ಕೆ ಮೊರೆಯಿಟ್ಟಿದ್ದರು. ಅದರ ಅಧ್ಯಕ್ಷ ನಾರ್ಬೊನ್‌ನ ಆರ್ಚ್‌ಬಿಷಪ್ ಜಿಲ್ ಐಸ್ಲಾಂ. ಅವನೂ ರಾಜನ ಹಳೆಯ ಸಲಹೆಗಾರ. ತನಗೆ ಪೂಜೆಯಿದೆ ಎಂದು ಹೇಳಿ ಎದ್ದುಹೋದ. ಒಬ್ಬ ಆರ್ಚ್‌ಬಿಷಪ್ ಕೊಂದ, ಇನ್ನೊಬ್ಬ ಮುಖ ತಿರುಗಿಸಿದ. ಮುಖ ತಿರುಗಿಸಿದ ಜಿಲ್‌ನನ್ನು ಮರುವರ್ಷ ರುವಾನ್‌ನ ಪೀಠಕ್ಕೆ ವರ್ಗಾಯಿಸಲಾಯಿತು.

ಇಷ್ಟಾದರೂ ರೀಮ್ಸ್‌ನ ಹೆಸರಿನ ಬೆಲೆ ಹೋಗಿರಲಿಲ್ಲ. ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲೆಂಡಿನ ಹುಡುಗ ದೊರೆ ಮತ್ತು ಏಳನೇ ಚಾರ್ಲ್ಸ್ ಇಬ್ಬರೂ ಫ್ರಾನ್ಸ್ ತನ್ನದೆಂದಾಗ, ಬಹುಕಾಲದ ನಂತರ ಮತ್ತೆ ಇಬ್ಬರು ಹಕ್ಕುದಾರರು ಎದುರಾಗಿದ್ದರು. ಚಾರ್ಲ್ಸ್‌ನನ್ನು ಮೊದಲು ರೀಮ್ಸ್‌ಗೆ ಕರೆದೊಯ್ಯಬೇಕೆಂದು ಜೋನ್ ಆಫ್ ಆರ್ಕ್ ಹಟ ಹಿಡಿದದ್ದು ಅದಕ್ಕೇ. 987ರಲ್ಲಿ ಅಂಥ ಹೊತ್ತಿನಲ್ಲಿ ಆರ್ಚ್‌ಬಿಷಪ್ ನಡುವೆ ನಿಂತು ತೂಗಿದ್ದ. 1429ರಲ್ಲಿ ರೀಮ್ಸ್‌ನ ಆರ್ಚ್‌ಬಿಷಪ್ ರೆನೋ ದ ಶಾರ್ತ್ರ್ ಚಾರ್ಲ್ಸ್‌ನ ಚಾನ್ಸಲರ್ ಆಗಿದ್ದ. ಅವನ ಪೀಠದ ನಗರ ವೈರಿಪಕ್ಷದ ಕೈಯಲ್ಲಿತ್ತು. ಜುಲೈ 16ರಂದು ರಾಜನ ಸೈನ್ಯದೊಂದಿಗೇ ಆತ ತನ್ನ ಊರು ಸೇರಿದ, ಮರುದಿನ ತೈಲ ಹಚ್ಚಿದ. ಇಂಗ್ಲಿಷರು ತಮ್ಮ ದೊರೆಗೆ 1431ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲಿ ಕಿರೀಟವಿಟ್ಟರು, ಇಟ್ಟವನು ಇಂಗ್ಲೆಂಡಿನ ಕಾರ್ಡಿನಲ್. ಅದನ್ನು ಫ್ರೆಂಚರಲ್ಲಿ ಹೆಚ್ಚಿನವರು ಲೆಕ್ಕಕ್ಕೆ ಹಿಡಿಯಲಿಲ್ಲ.